ಹಕ್ಕಿಗಳ ಕೀರ್ದಿ ಪುಸ್ತಕ

(ಬೆಳಗಾವಿಯಲ್ಲಿ ಗಿರಣಿ ಕಾಮಗಾರರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಹಕ್ಕಿ ನೋಡುವ ಹವ್ಯಾಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ನನ್ನನ್ನು ಕರೆದಿರಿ. ಹೊರಗೆ ಹಲಗೆಯ ಮೇಲೆ ಈ ವಿಷಯ ಓದಿ ಕೆಲವರು ನಕ್ಕಿರಲೂ ಸಾಕು. ನೂಲಿನ ಧಾರಣೆ, ಪಗಾರ, ಬೋನಸ್ಸು, ಮನೆ ಬಾಡಿಗೆ, ಉದ್ರಿ ವಸೂಲಿ ಇಷ್ಟೆಲ್ಲ ತಲೆಯ ಮೇಲೆ ಕೂತಿರುವಾಗ ಹಕ್ಕಿ ನೋಡುವವರು ಯಾರು? ಅದು ಹೊಟ್ಟೆ ತುಂಬಿದವರ ಶೋಕಿ, ಕೊರಳಿಗೆ ದುರ್ಬೀನು ಹಾಕಿಕೊಂಡು ಮೋಟಾರಿನಲ್ಲಿ ತಿರುಗುವವರ ಕೆಲಸ ಎಂಬ ಮಾತು ನಮ್ಮ ಪೇಟೆಯಲ್ಲಿ ಇದೆ.

ಈ ಆಕ್ಷೇಪಣೆಯನ್ನು ಹಾಗೇ ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವನ್ನು ಮೊದಲು ನೋಡೋಣ.

ನಮ್ಮ ಭಾಗದ ಹಕ್ಕಿಗಳ ಒಂದು ಹಳೆಯ ಅಚ್ಚಾದ ಯಾದಿಯನ್ನು ಬರೆದವನು ಬ್ರಿಟಿಷ್ ಫೌಜಿನ ಅಧಿಕಾರಿ. ಇದೇ ಬೆಳಗಾವಿಯ ಕ್ಯಾಂಪಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್ ಎಂಬಾತ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಹಕ್ಕಿಗಳ ಯಾದಿಯನ್ನು ೧೮೮೧ರಲ್ಲಿ ಪ್ರಕಟಿಸಿದ. ಅದು ಅಚ್ಚಾದದ್ದು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ. ಅದರ ಸಂಪಾದಕ ಎ. ಓ. ಹ್ಯೂಮ್. ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಅದೇ ಹ್ಯೂಮ್! ಯಾವ ಕಾಂಗ್ರೆಸ್ಸಿನ ಅಧಿವೇಶನವು ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಮ್ಮ ಊರಿನಲ್ಲಿ ನೆರೆಯಿತೋ, ಅದಕ್ಕೂ ನಮ್ಮ ಹಕ್ಕಿಗಳ ಯಾದಿಗೂ ಇಂಥದೊಂದು ನಂಟಿದೆ.

ಆ ಕಾಲದಲ್ಲಿ ಹಕ್ಕಿ ನೋಡುವುದೆಂದರೆ ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಅರಳೆ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುವುದು. ಹ್ಯೂಮ್ ೧೮೮೫ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿಗೆ ಕೊಟ್ಟ ಚರ್ಮ ಮತ್ತು ತತ್ತಿಗಳ ಸಂಖ್ಯೆ ಸುಮಾರು ೮೦ ಸಾವಿರ. ಆತ ವರ್ಷಗಟ್ಟಲೆ ಬರೆದಿಟ್ಟ ಕೈಬರಹದ ಹಾಳೆಗಳನ್ನು ಮನೆಯ ಆಳೊಬ್ಬ ಸಿಮ್ಲಾದ ಪೇಟೆಯಲ್ಲಿ ರದ್ದಿಯ ಬೆಲೆಗೆ ಮಾರಿಬಿಟ್ಟ. ಕಿರಾಣಿ ಅಂಗಡಿಯವರೇ, ಯಾವ ಹಾಳೆಯಲ್ಲಿ ಸಕ್ಕರೆ ಕಟ್ಟಿಕೊಟ್ಟೆವು ಎಂದು ಯಾರು ನೋಡುತ್ತಾರೆ!

ಹೀಗೆ ನಮ್ಮ ಗಿಡದ ಮೇಲಿನ ಹಕ್ಕಿ ಪರರ ಲೆಕ್ಕದಲ್ಲಿ ಜಮಾ ಆಯಿತು. ಆದರೆ ಮುಂದೆ ಕಾಲ ತಿರುಗಿತು. ೧೯೪೧ರಲ್ಲಿ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ ಬಂದ ಮೇಲೆ, ಬಂದೂಕು ಇಲ್ಲದ ಸಾಮಾನ್ಯ ಓದುಗನೂ ಹಕ್ಕಿಯ ಗುರುತು ಹಿಡಿಯುವಂತಾಯಿತು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ‘ಹಕ್ಕಿ ಪುಕ್ಕ’ ಬರೆದು ಆ ವಿದ್ಯೆಯನ್ನು ನಮ್ಮ ಭಾಷೆಗೆ ತಂದುಕೊಟ್ಟರು. ಈಗ ಈ ಹವ್ಯಾಸಕ್ಕೆ ಬೇಕಾದ ಬಂಡವಾಳವೆಂದರೆ ಎರಡು ಕಣ್ಣು, ಎರಡು ಕಿವಿ, ಒಂದು ವಹಿ, ಒಂದು ಪೆನ್ಸಿಲು. ದುರ್ಬೀನು ಇದ್ದರೆ ಒಳ್ಳೆಯದು. ಐದು ಜನ ಕೂಡಿ ಒಂದನ್ನು ಕೊಂಡರೂ ನಡೆಯುತ್ತದೆ.

ಇನ್ನು ಸಮಯದ ಮಾತು. ರಜೆ ಹಾಕಿ ಕಾಡಿಗೆ ಹೋಗಬೇಕಾಗಿಲ್ಲ. ಬೆಳಗಿನ ಪಾಳಿಗೆ ಹೋಗುವವನ ಕಿವಿಗೆ ಬೇಸಗೆಯಲ್ಲಿ ಕೋಗಿಲೆ ಬೀಳುತ್ತದೆ. ಕಂಚುಗಾರ ಹಕ್ಕಿ ಟಂಕ್ ಟಂಕ್ ಎಂದು ತಾಮ್ರದ ಕೊಡ ಬಡಿಯುತ್ತದೆ. ರಾತ್ರಿಪಾಳಿ ಮುಗಿಸಿ ಬರುವವನ ತಲೆಯ ಮೇಲೆ ಕಣಜದ ಗೂಬೆ ಸದ್ದಿಲ್ಲದೆ ಹಾರುತ್ತದೆ. ಅದನ್ನು ಕಂಡರೆ ಅಪಶಕುನವೆಂದು ಕಲ್ಲು ಎಸೆಯುವವರಿದ್ದಾರೆ. ಅದು ತಿನ್ನುವುದು ಇಲಿಯನ್ನು. ಕಾಳಿನ ವ್ಯಾಪಾರಿಗೆ ಪಗಾರವಿಲ್ಲದ ಕಾವಲುಗಾರ ಅದು. ಕೋಟೆ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ಕಾಣುತ್ತವೆ. ಚಳಿಗಾಲ ಬಂದರೆ ಬಾಲ ಕುಣಿಸುವ ಸಿಪಿಲೆ ಹಿಮಾಲಯದ ಕಡೆಯಿಂದ ನಮ್ಮ ಗಟಾರದ ದಂಡೆಗೆ ಬಂದಿಳಿಯುತ್ತದೆ. ಟಿಕೀಟಿಲ್ಲದ ಪ್ರಯಾಣ! ಗೋಕಾಕ ಗಿರಣಿಯ ಬಂಧುಗಳಿಗೆ ಧೂಪದಾಳದ ಒಡ್ಡು ದೂರವಲ್ಲ. ಅಲ್ಲಿ ೧೯೭೪ರಲ್ಲಿಯೇ ಘಟಪ್ರಭಾ ಪಕ್ಷಿಧಾಮ ಆಯಿತು. ಮನುಷ್ಯ ಹೊಲಕ್ಕೆಂದು ನಿಲ್ಲಿಸಿದ ನೀರಿನಲ್ಲಿ ಪರದೇಶದ ಹಕ್ಕಿಯೂ ಪಾಲು ಪಡೆಯಿತು.

ಬಂಧುಗಳೇ, ನೋಡಿ ಸಂತೋಷಪಟ್ಟರೆ ಸಾಲದೆ, ಬರೆಯುವುದು ಯಾತಕ್ಕೆ ಎಂದು ಕೇಳುವಿರಿ. ಇಂದಿನ ನನ್ನ ಮುಖ್ಯ ಮಾತು ಅದೇ.

ವ್ಯಾಪಾರಸ್ಥರು ಪ್ರತಿ ಸಂಜೆ ಕೀರ್ದಿ ಬರೆಯುತ್ತಾರೆ. ಒಂದು ದಿನದ ಕೀರ್ದಿಯಿಂದ ಏನೂ ತಿಳಿಯುವುದಿಲ್ಲ. ಹತ್ತು ವರ್ಷದ ಕೀರ್ದಿ ಖತಾವಣಿಗೆ ಏರಿದಾಗ ಅಂಗಡಿ ಬೆಳೆಯಿತೋ ಮುಳುಗಿತೋ ಗೊತ್ತಾಗುತ್ತದೆ. ಹಕ್ಕಿಯ ಲೆಕ್ಕವೂ ಹಾಗೆಯೇ. ತಾರೀಖು, ಸ್ಥಳ, ವೇಳೆ, ಹಕ್ಕಿಯ ಹೆಸರು, ಎಷ್ಟು ಕಂಡವು ಎಂಬ ಐದು ಕಲಮು ಸಾಕು. ಹೆಸರು ತಿಳಿಯದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆಯಬೇಕು. ದಿನಾ ಬರುವ ಹಕ್ಕಿ ಬಾರದಿದ್ದರೆ ಅದನ್ನೂ ಬರೆಯಬೇಕು. ದೂರದಿಂದ ಒಮ್ಮೆ ಬಂದುಹೋಗುವ ಪಂಡಿತನಿಗೆ ಇದು ಸಾಧ್ಯವಿಲ್ಲ. ವರ್ಷದ ಮುನ್ನೂರು ದಿನ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ನಡೆಯುವ ಕಾಮಗಾರನಿಗೆ, ಅದೇ ಗಿಡದ ಎದುರು ಅಂಗಡಿ ತೆರೆಯುವ ವ್ಯಾಪಾರಿಗೆ ಇದು ಸಾಧ್ಯ.

ಲೆಕ್ಕ ಖರೆ ಇರಬೇಕು. ಸುಳ್ಳು ಲೆಕ್ಕ ಏನು ಮಾಡುತ್ತದೆ ಎಂಬುದಕ್ಕೆ ಒಂದು ನಿಜ ಸಂಗತಿ ಕೇಳಿರಿ. ಮಧ್ಯ ಭಾರತದ ಕಾಡಿನಲ್ಲಿ ಒಂದು ಸಣ್ಣ ಗೂಬೆಯಿದೆ. ೧೮೮೪ರ ನಂತರ ಅದು ಯಾರ ಕೈಗೂ ಸಿಕ್ಕಿರಲಿಲ್ಲ. ಮೈನರ್ಟ್ಜ್‌ಹಾಗನ್ ಎಂಬ ಇಂಗ್ಲಿಷ್ ಕರ್ನಲ್, ೧೯೧೪ರಲ್ಲಿ ಗುಜರಾತದಲ್ಲಿ ತಾನೇ ಅದನ್ನು ಹೊಡೆದೆನೆಂದು ಚೀಟಿ ಕಟ್ಟಿಟ್ಟ. ಅಮೆರಿಕದ ವಿದ್ವಾಂಸೆ ಪಮೇಲಾ ರಾಸ್ಮುಸೆನ್ ಪರೀಕ್ಷೆ ಮಾಡಿ ನೋಡಿದಾಗ ಅದು ಕಳವಿನ ಮಾಲು! ೧೮೮೦ರ ದಶಕದಲ್ಲಿ ಖಾನದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ ತಯಾರಿಸಿದ್ದ ಹಕ್ಕಿಯನ್ನು ಕದ್ದು, ಚೀಟಿ ಬದಲಿಸಿ ಇಡಲಾಗಿತ್ತು. ಈ ಡೇವಿಡ್‌ಸನ್ ಮುಂದೆ ನಮ್ಮ ನೆರೆಯ ಉತ್ತರ ಕನ್ನಡಕ್ಕೆ ಕಲೆಕ್ಟರನಾಗಿದ್ದ. ಸುಳ್ಳು ಚೀಟಿಯನ್ನು ಬದಿಗಿಟ್ಟು ಖರೆ ಲೆಕ್ಕದ ಜಾಡು ಹಿಡಿದು ಹೋದಾಗ, ೧೯೯೭ರ ನವೆಂಬರದಲ್ಲಿ ಖಾನದೇಶದ ಶಹಾದಾ ಹತ್ತಿರ ಆ ಗೂಬೆ ಜೀವಂತ ಕೂತಿತ್ತು. ಕರ್ನಲ್‌ನ ದೊಡ್ಡ ಹೆಸರು ಉಳಿಯಲಿಲ್ಲ. ಆದ್ದರಿಂದ ಅನುಮಾನವಿದ್ದಲ್ಲಿ ಅನುಮಾನವೆಂದೇ ಬರೆಯಿರಿ.

ಖರೆ ಲೆಕ್ಕದಿಂದ ಆದ ಉಪಕಾರಕ್ಕೂ ಉದಾಹರಣೆ ಇದೆ. ಸತ್ತ ದನದ ಮೇಲೆ ಇಳಿಯುತ್ತಿದ್ದ ರಣಹದ್ದುಗಳನ್ನು ನಮ್ಮ ಹಿರಿಯರು ಹಿಂಡುಹಿಂಡಾಗಿ ಕಂಡಿದ್ದಾರೆ. ಇಂದಿನ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡುತ್ತಾರೆ. ರಾಜಸ್ಥಾನದ ಭರತಪುರದಲ್ಲಿ ಮುಂಬಯಿ ನಿಸರ್ಗ ಇತಿಹಾಸ ಸಂಸ್ಥೆಯ ವಿಭು ಪ್ರಕಾಶ್ ಅವರು ವರ್ಷ ವರ್ಷ ಇವನ್ನು ಎಣಿಸಿ ಬರೆದಿದ್ದರು. ಆ ಲೆಕ್ಕ ೧೯೯೯ರಲ್ಲಿ ಪ್ರಕಟವಾದಾಗ ಕುಸಿತ ಕಣ್ಣಿಗೆ ಬಿತ್ತು. ಕಾರಣ ಹುಡುಕುತ್ತ ಹೋದವರು ೨೦೦೪ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಕೆಡಿಸುತ್ತಿತ್ತು. ಬಿಳಿಬೆನ್ನಿನ ರಣಹದ್ದು ನೂರಕ್ಕೆ ೯೯ಕ್ಕಿಂತ ಹೆಚ್ಚು ಅಳಿದುಹೋಗಿತ್ತು. ೨೦೦೬ರಲ್ಲಿ ದನಗಳಿಗೆ ಆ ಔಷಧಿ ನಿಷೇಧವಾಯಿತು. ಅದೇ ಜಾತಿಯ ಅಸಿಕ್ಲೋಫೆನಾಕ್, ಕೀಟೊಪ್ರೊಫೇನ್ ಔಷಧಿಗಳನ್ನು ದನಗಳಿಗೆ ಕೊಡುವುದು ೨೦೨೩ರಲ್ಲಿ ನಿಂತಿತು. ಈ ಸಭೆಯಲ್ಲಿ ಔಷಧಿ ಅಂಗಡಿಯವರಿದ್ದರೆ ಅವರಿಗೆ ನನ್ನ ವಿನಂತಿ: ಮನುಷ್ಯರಿಗೆಂದು ಬಂದ ಡೈಕ್ಲೋಫೆನಾಕ್ ಬಾಟಲಿಯನ್ನು ದನಕ್ಕೆಂದು ಕೇಳಿದರೆ ಕೊಡಬೇಡಿರಿ. ಕಾಯ್ದೆ ದಿಲ್ಲಿಯಲ್ಲಿ ಆಗುತ್ತದೆ. ನಡೆಯುವುದು ನಿಮ್ಮ ಗಲ್ಲೆಯ ಮುಂದೆ.

೨೦೨೩ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಅದಕ್ಕೆ ಆಧಾರವಾದವರು ೩೦ ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು. ೯೪೨ ಜಾತಿಗಳನ್ನು ತೂಗಿ ನೋಡಿ, ಅವುಗಳಲ್ಲಿ ೧೭೮ ಜಾತಿಗಳಿಗೆ ತುರ್ತು ಗಮನ ಬೇಕೆಂದು ವರದಿ ಹೇಳಿತು. ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ, ಹನ್ನೆರಡು ವರ್ಷಗಳಲ್ಲಿ ಶೇಕಡಾ ೩೦ರಷ್ಟು ಕಡಿಮೆಯಾಗಿದೆ ಎಂಬುದು ಆ ಲೆಕ್ಕದಿಂದಲೇ ತಿಳಿಯಿತು. ಗುಬ್ಬಿ ದೇಶದಿಂದಲೇ ಹೋಯಿತೆಂದು ನಾವು ಮರುಗುತ್ತಿದ್ದೆವು. ದೊಡ್ಡ ಶಹರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದ ಲೆಕ್ಕದಲ್ಲಿ ಗುಬ್ಬಿ ಸುಮಾರಾಗಿ ನಿಂತಿದೆ ಎಂದು ೨೦೨೦ರ ವರದಿ ತೋರಿಸಿತು. ಊಹೆಗೂ ಲೆಕ್ಕಕ್ಕೂ ಇರುವ ಅಂತರ ಇದು.

ಇನ್ನು ಖಾನಾಪುರದ ಕಡೆಗೆ ಬರೋಣ. ರವಿವಾರ ಬೆಳಿಗ್ಗೆ ರೇಲ್ವೆ ಹತ್ತಿದರೆ ದೇಸೂರು ದಾಟಿ ಖಾನಾಪುರ. ಅಲ್ಲಿಂದ ಮುಂದೆ ಗುಂಜಿ, ಲೋಂಡಾ. ಬಯಲುಸೀಮೆ ಮುಗಿದು ಮಲೆನಾಡು ಹತ್ತುವುದು ಕಿಟಕಿಯಲ್ಲಿಯೇ ಕಾಣುತ್ತದೆ. ಈ ಕಾಡಿನ ಯಜಮಾನನೆಂದರೆ ಮಂಗಟ್ಟೆ ಹಕ್ಕಿ. ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು ಬಾಯಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಡುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಒಬ್ಬನ ದುಡಿಮೆಯ ಮೇಲೆ ನಿಂತ ಮನೆ. ದುಡಿಯುವವನು ಗುಂಡಿಗೆ ಬಿದ್ದರೆ ಒಳಗಿನವರ ಗತಿ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಪೊಟರೆ ಎಳೆಯ ಮರದಲ್ಲಿ ಆಗುವುದಿಲ್ಲ. ಹತ್ತು ಸಸಿ ನೆಟ್ಟೆವೆಂದು ಒಂದು ಹಳೆಯ ಮರ ಕಡಿದವರು, ಬಾಡಿಗೆದಾರನಿಗೆ ಇನ್ನು ನೂರು ವರ್ಷಕ್ಕೆ ಕಟ್ಟುವ ಮನೆಯ ನಕಾಶೆ ತೋರಿಸಿದಂತೆ. ಆ ಹಕ್ಕಿಯೇ ಆಲ, ಅತ್ತಿಗಳ ಬೀಜವನ್ನು ಕಾಡಿನ ತುಂಬ ಬಿತ್ತುತ್ತದೆ.

ಈ ಕಾಡು ನಮ್ಮ ನೀರಿನ ತವರೂ ಹೌದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ಹಾಯ್ದು ಸವದತ್ತಿಯ ನವಿಲುತೀರ್ಥದ ಆಣೆಕಟ್ಟಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವುದು ಆ ನೀರು. ಮಹದಾಯಿಯ ನೀರಿನ ವ್ಯಾಜ್ಯ ಎಲ್ಲರ ಬಾಯಲ್ಲಿದೆ; ಅದು ಹುಟ್ಟುವುದೂ ಖಾನಾಪುರ ತಾಲೂಕಿನಲ್ಲಿಯೇ. ನೀರಿಗಾಗಿ ಚಳವಳಿ ಮಾಡುವವನು, ಮಳೆಯನ್ನು ಹಿಡಿದಿಟ್ಟು ಬೇಸಗೆಯವರೆಗೆ ಹನಿಹನಿಯಾಗಿ ಬಿಡುವ ಕಾಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಸಣ್ಣ ಜೀವಿ ಲೆಕ್ಕದಲ್ಲಿ ಬರೆದಿದ್ದರೆ ಅದರ ಬೆಲೆ ಎಷ್ಟೆಂಬುದನ್ನು ಈ ಕಾಡೇ ತೋರಿಸಿದೆ. ತಳೇವಾಡಿಯ ಹತ್ತಿರ ಬಾರಾಪೆಡೆ ಎಂಬ ಗುಹೆಗಳಿವೆ. ಅಲ್ಲಿಯ ಒಂದು ಬಾವಲಿಯನ್ನು ವಿಜ್ಞಾನಿಗಳು ೧೯೧೩ರಲ್ಲಿ ಮೊದಲು ಗುರುತಿಸಿ ಹೆಸರಿಟ್ಟರು. ಬಹಳ ಕಾಲದವರೆಗೆ ಜಗತ್ತಿನಲ್ಲಿ ಅದರ ನೆಲೆ ಅದೊಂದೇ ಎಂದು ತಿಳಿಯಲಾಗಿತ್ತು. ಭೀಮಗಡ ಉಳಿಯಬೇಕೆಂದು ಬೆಳಗಾವಿಯ ನಿಸರ್ಗಪ್ರೇಮಿಗಳು ವಾದಿಸಿದಾಗ ಆ ಬಾವಲಿ ಅವರ ಬಲವಾದ ಸಾಕ್ಷಿಯಾಯಿತು. ೨೦೧೧ರ ಡಿಸೆಂಬರದಲ್ಲಿ ಸುಮಾರು ೧೯೦ ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿಧಾಮವಾಯಿತು.

ಆದರೆ ಆ ಕಾಡಿನೊಳಗೆ ಮನುಷ್ಯರೂ ಇದ್ದಾರೆ. ಮಳೆಗಾಲದಲ್ಲಿ ಹಳ್ಳ ಬಂದರೆ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾದ ಹಳ್ಳಿಗಳು ಅವು. ತಳೇವಾಡಿಯ ಕೆಲವು ಕುಟುಂಬಗಳು ಹೊರಗೆ ಬರಲು ಒಪ್ಪಿದವು. ೨೦೨೫ರಲ್ಲಿ ಅವರಿಗೆ ಪರಿಹಾರದ ಚೆಕ್ಕು ಹಂಚಲಾಯಿತು. ಒಪ್ಪಿ ಬರುವವರಿಗೆ ಪೂರ್ಣ ಹಣ, ಹೊಲ, ಶಾಲೆ ದೊರೆಯಬೇಕು. ಇರುತ್ತೇವೆ ಎನ್ನುವವರಿಗೆ ದವಾಖಾನೆಯ ದಾರಿ ಇರಬೇಕು. ಹಕ್ಕಿಯ ಹೆಸರಿನಲ್ಲಿ ಬಡವನ ಒಲೆ ಆರಿಸುವ ಸಂರಕ್ಷಣೆ ಬಹಳ ದಿನ ಬಾಳುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಊರೊಳಗಿನ ಹುಣಸೆ ಮರದ ಮೇಲೆಯೇ ಗೂಡು ಕಟ್ಟುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅದು ೨೦೦೭ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಕಾವಲುಗಾರರೆಂದರೆ ರೈತರ ಮನೆಯ ಹೆಣ್ಣುಮಕ್ಕಳು, ಮುದುಕರು, ಹುಡುಗರು.

ನಮ್ಮ ಶಹರದ ಮಾತೂ ಇದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಗಿಡಗಳ ಸಲುವಾಗಿ ಜನ ದನಿ ಎತ್ತಿದ್ದು ನಿಮಗೆ ಗೊತ್ತು. ಗೋವಾ ರಸ್ತೆ ಅಗಲವಾದಾಗ ಖಾನಾಪುರದ ದಾರಿಯ ಹಳೆಯ ಮರಗಳು ಹೋದದ್ದೂ ಗೊತ್ತು. ಮರ ಉಳಿಸಿರೆಂದು ಅರ್ಜಿ ಕೊಡಲು ಹೋದಾಗ ಸಾಹೇಬರು ಮೊದಲು ಕೇಳುವುದು ‘ಪುರಾವೆ ಏನು?’ ಎಂದು. ಬರೀ ಅಭಿಮಾನ ಅಲ್ಲಿ ನಡೆಯುವುದಿಲ್ಲ. ಇಂಥ ಗಿಡದಲ್ಲಿ ಇಂಥ ತಾರೀಖಿಗೆ ಇಂಥ ಹಕ್ಕಿ ಗೂಡು ಕಟ್ಟಿತು ಎಂದು ಮೂರು ವರ್ಷದ ವಹಿ ಮೇಜಿನ ಮೇಲಿಟ್ಟರೆ, ಆ ಅರ್ಜಿಯ ತೂಕ ಬೇರೆ.

ಆದ್ದರಿಂದ ಕೆಲವು ಕೆಲಸ ಸೂಚಿಸುತ್ತೇನೆ. ಕಾಮಗಾರ ಸಂಘದ ಕಚೇರಿಯಲ್ಲಿ ಒಂದು, ಪ್ರತಿ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಒಂದು ಹಕ್ಕಿ ವಹಿ ಇರಲಿ. ಕಂಡವರು ಬಂದು ಬರೆಯಲಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ತುಂಬ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತದವರು ೨೦೧೩ರಿಂದ ಅದರಲ್ಲಿ ಕೂಡಿದ್ದಾರೆ. ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿದರೂ ಆ ಲೆಕ್ಕಕ್ಕೆ ಸಲ್ಲುತ್ತದೆ; ಮಕ್ಕಳ ಮೊಬೈಲಿನಿಂದ ಕಳಿಸಬಹುದು. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಬೇಡಿರಿ. ಪಂಜರದ ಗಿಳಿ ಕೊಳ್ಳಬೇಡಿರಿ, ಮಾರಬೇಡಿರಿ. ೧೯೭೨ರ ಕಾಯ್ದೆಯ ಪ್ರಕಾರ ಅದು ಅಪರಾಧ. ಬೇಸಗೆಯಲ್ಲಿ ಖಾನಾಪುರದ ಕುಂಬಾರರ ಒಂದು ಮಣ್ಣಿನ ಪರಾತ ಕೊಂಡು ಮಾಳಿಗೆಯ ಮೇಲೆ ನೀರಿಡಿರಿ. ಹಕ್ಕಿಗೆ ನೀರು, ಕುಂಬಾರನಿಗೆ ನಾಲ್ಕು ಕಾಸು.

ಬಟ್ಲರ್ ಸಾಹೇಬ ೧೮೮೧ರಲ್ಲಿ ಬರೆದ ಯಾದಿ ನಮ್ಮ ಹಳೆಯ ಶಿಲ್ಕು. ಮುಂದಿನ ಪುಟಗಳನ್ನು ಬರೆಯಬೇಕಾದವರು ಶಹಾಪುರ, ವಡಗಾವಿ, ಖಾಸಬಾಗದ ಮಗ್ಗದವರು, ಖಡೇಬಜಾರದ ಅಂಗಡಿಯವರು, ಖಾನಾಪುರದ ರೈತರು. ಬರುವ ರವಿವಾರ ಬೆಳಿಗ್ಗೆ ಆರೂವರೆಗೆ ಕೋಟೆ ಕೆರೆಯ ದಂಡೆಗೆ ಬನ್ನಿರಿ. ಮೊದಲ ಪುಟಕ್ಕೆ ತಾರೀಖು ಹಾಕೋಣ. ಮಕ್ಕಳನ್ನು ಕರೆತನ್ನಿರಿ, ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು.