ಮನೆಯ ಮಾತು, ಮಗುವಿನ ಬಾಯಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನನ್ನ ಮೊಮ್ಮಗನಿಗೆ ಆರು ವರ್ಷ. ಕಳೆದ ತಿಂಗಳು, ಗೋಲಿ ಕಸಿದುಕೊಂಡ ಗೆಳೆಯನನ್ನು ಒಂದು ಜಾತಿಯ ಹೆಸರು ಹಿಡಿದು ಬೈದ. ಹೊಡೆಯಲು ಕೈ ಎತ್ತಿದೆ. ಅವನು ಅಳುತ್ತ, “ಮುತ್ತ್ಯಾ, ನೀ ಎತ್ತಿಗೆ ಹಂಗ ಬೈತಿಯಲ್ಲ?” ಅಂದ. ಎತ್ತಿದ ಕೈ ಕೆಳಗಿಳಿಯಿತು.

ಆ ಮಾತಿನ ಅರ್ಥ ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ಬಸವಣ್ಣನವರು ತಮ್ಮ ಹಿರಿಯರೆಂದು ಒಪ್ಪಿಕೊಂಡರು. ಆ ಶರಣರ ಹೆಸರನ್ನು ಇಲ್ಲಿ ಭಕ್ತಿಯಿಂದ ಹೇಳುವ ನಾನು, ಹೊಲದಲ್ಲಿ ಅವರು ಹುಟ್ಟಿದ ಕುಲವನ್ನೇ ಬೈಗುಳ ಮಾಡಿಕೊಂಡಿದ್ದೆ. ಹಣೆಯ ಮೇಲೆ ವಿಭೂತಿ, ನಾಲಿಗೆಯ ಮೇಲೆ ಕೆಸರು!

ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ತಪ್ಪು ನಂದು. ಇಬ್ರೂ ಬಿಡೋಣು” ಅಂದೆ. ಕೈ ಹಿಡಿದುಕೊಂಡು ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನ ತಾಯಿ ಕ್ಷಣಹೊತ್ತು ಸುಮ್ಮನಿದ್ದು, “ಕುಂಡ್ರರಿ, ಚಾ ಮಾಡ್ತೀನಿ” ಅಂದರು. ಒಂದೇ ಊರಿನವರಾದರೂ ಆ ಮನೆಯ ಕಟ್ಟೆ ನಾನು ಏರಿದ್ದು ಅದೇ ಮೊದಲು.

ತಾಯಂದಿರೇ, ಕೂಸು ಬೈದರೆ ನಗಬೇಡಿರಿ. ನಕ್ಕರೆ ಮತ್ತೆ ಬೈಯುತ್ತದೆ. ಹೊಡೆಯಲೂ ಬೇಡಿರಿ, ಹೊಡೆದರೆ ನಮ್ಮ ಹಿಂದೆ ಬೈಯುತ್ತದೆ. “ನನಗ ಸಿಟ್ಟು ಬಂದದ” ಎಂದು ಹೇಳುವುದನ್ನು ಕಲಿಸಿರಿ. ಅದಕ್ಕೂ ಮೊದಲು ನಮ್ಮ ಬಾಯಿ ತೊಳೆದುಕೊಳ್ಳೋಣ.

ಆಮೇಲೆಯೂ ಎರಡು ಸಲ ನನ್ನ ಬಾಯಿ ತಪ್ಪಿದೆ. ಎರಡೂ ಸಲ “ಮುತ್ತ್ಯಾ!” ಎಂದು ಮೊಮ್ಮಗ ತಿದ್ದಿದ್ದಾನೆ. ಅವನಿಗೆ ಶರಣು.