ಒಲ್ಲೆ ಅನ್ನೋದನ್ನು ಕಲಿಯೋಣ

(ನಿಪ್ಪಾಣಿಯಲ್ಲಿ ಸೇರಿದ್ದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಬೇರೆಯವರ ಭಾಷಣ ಅಚ್ಚು ಹಾಕಿ ಗೊತ್ತು, ಮಾಡಿ ಗೊತ್ತಿಲ್ಲ. ಇಲ್ಲಿ ಬಂದು ಮಾತಾಡಿ ಎಂದು ಕರೆದಾಗಲೂ ನನ್ನ ಬಾಯಿಂದ ಬಂದದ್ದು “ಆಯ್ತ್ರಿ” ಅಂತಲೇ! ಆ ಒಂದು ಮಾತಿನ ಬಗ್ಗೆಯೇ ಇವತ್ತು ಹೇಳುತ್ತೇನೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆ ನನಗೆ ಗಿರಾಕಿಗಳು. ಎಲ್ಲರೂ ಹೇಳುವುದು ಒಂದೇ: “ಭಾಳ ಚಲೋ ಮನಷ್ಯಾ, ಇಲ್ಲ ಅನ್ನೂದ ಗೊತ್ತಿಲ್ಲ.” ಕೇಳಿ ಹಿಗ್ಗುತ್ತಿದ್ದೆ. ಆದರೆ ಆ ಒಳ್ಳೆಯ ಹೆಸರಿಗೆ ಬೆಲೆ ತೆತ್ತವರು ಯಾರು?

2008ರ ಮೇ ತಿಂಗಳು. ಒಂದು ಕಡೆ ಮದುವೆ ಸುಗ್ಗಿ, ಇನ್ನೊಂದು ಕಡೆ ವಿಧಾನಸಭಾ ಚುನಾವಣೆ. ಲಗ್ನಪತ್ರಿಕೆ ಬೆಳಿಗ್ಗೆ ಕೊಡುತ್ತೇನೆ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೆ. ಸಂಜೆ ಇನ್ನೊಬ್ಬರು ಬಂದು, ಕರಪತ್ರ ಬೆಳಗಾಗುವುದರೊಳಗೆ ಬೇಕು, ರೊಕ್ಕ ಆಮೇಲೆ ಎಂದರು. ಅದಕ್ಕೂ ಆಯ್ತ್ರಿ! ಕೆಲಸದ ಹುಡುಗ ಹಿಂದಿನ ರಾತ್ರಿಯೂ ಮಲಗಿರಲಿಲ್ಲ. ನಡುರಾತ್ರಿ ದಾಟಿದ ಮೇಲೆ ಅವನಿಗೆ ತೂಕಡಿಕೆ ಬಂತು, ಟ್ರೆಡಲ್ ಮಷೀನಿನ ಬಾಯಿಗೆ ಬಲಗೈ ಸಿಕ್ಕಿತು. ಎರಡು ಬೆರಳು ಹೋದವು. ಆಸ್ಪತ್ರೆಯ ಬಿಲ್ಲು ನಾನೇ ಕಟ್ಟಿದೆ. ಬೆರಳು ಎಲ್ಲಿಂದ ತರಲಿ? ಅವನು ಬೈಯಲಿಲ್ಲ. “ಮಾಲಕ್ರ, ಅವತ್ತ ಒಂದ ಸಲಾ ಒಲ್ಲೆ ಅಂದಿದ್ರ ಆಗ್ತಿತ್ತಲ್ರಿ?” ಎಂದ, ಅಷ್ಟೇ. ಇವತ್ತಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಗೆಳೆಯರೇ, “ಹೂಂ” ಅನ್ನುವವನು ನಾನು, ಅದರ ಸಾಲ ತೀರಿಸುವವನು ಇನ್ನೊಬ್ಬ. ಇದು ಒಳ್ಳೆತನವೇ? ಅಲ್ಲ, ಹೆದರಿಕೆ. ಎದುರಿನವರ ಮುಖ ಕೆಡುತ್ತದಲ್ಲ ಎನ್ನುವ ಹೆದರಿಕೆಗೆ ನಾವು ಇಟ್ಟುಕೊಂಡ ಚಂದದ ಹೆಸರು ಒಳ್ಳೆತನ!

ಇನ್ನೊಂದು ಮಾತು. ನಮ್ಮವ್ವನನ್ನು ಕರೆದುಕೊಂಡು ಒಂದು ಬ್ಯಾಂಕಿಗೆ ಹೋಗಿದ್ದೆ. ಕನ್ನಡದ ಅರ್ಜಿ ಕೇಳಿದಳು. ಇಲ್ಲ ಎಂದರು. ನಾನು “ಇರ್ಲಿ ಬಿಡ್ರಿ” ಎಂದು ಇಂಗ್ಲಿಷ್ ಅರ್ಜಿಯನ್ನೇ ತುಂಬಿ, ತೋರಿಸಿದಲ್ಲೆಲ್ಲ ಅವಳ ಸಹಿ ಹಾಕಿಸಿದೆ. ಎರಡು ತಿಂಗಳಲ್ಲಿ ಅವಳ ಪಿಂಚಣಿ ಹಣದಿಂದ ಯಾವುದೋ ವಿಮೆಯ ಕಂತು ಕಡಿತವಾಯಿತು! ಅವ್ವ ನಾಲ್ಕನೇ ಇಯತ್ತೆ ಓದಿದವಳು. “ಕನ್ನಡದಾಗ ಇದ್ದಿದ್ರ ನಾನ ಓದ್ತಿದ್ನೆಲ್ಲೋ” ಎಂದಳು. ಗಿರಾಕಿಗೆ ಕೊಡುವ ಅರ್ಜಿ, ಚಲನ್, ಪಾಸ್‌ಬುಕ್ ಇಂಗ್ಲಿಷ್, ಹಿಂದಿ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ನನಗೆ ಅದು ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನೀವಾದರೂ ತಿಳಿದುಕೊಳ್ಳಿ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಕೇಳುವ ಬಾಯಿ ಬೇಕು.

ಒಲ್ಲೆ ಅನ್ನೋದನ್ನು ಯಾರಿಂದ ಕಲಿಯಬೇಕು? ದೂರ ಹೋಗಬೇಡಿ, ಇದೇ ನಿಪ್ಪಾಣಿ ಸಾಕು. ಇಲ್ಲಿನ ತಂಬಾಕು ವಖಾರಿಗಳಲ್ಲಿ ಹೆಣ್ಣುಮಕ್ಕಳು ಧೂಳು ನುಂಗುತ್ತ ಹೊತ್ತಿನ ಮಿತಿ ಇಲ್ಲದೆ ಅಲ್ಪ ಕೂಲಿಗೆ ದುಡಿಯುತ್ತಿದ್ದರು. ವರ್ಷಗಟ್ಟಲೆ ತಲೆ ತಗ್ಗಿಸಿ ಹೂಂ ಎಂದವರು ಕೊನೆಗೆ ಒಟ್ಟಾಗಿ ಸಂಘ ಕಟ್ಟಿ, ಸಾವಿರಾರು ಮಂದಿ ಒಂದೇ ದನಿಯಲ್ಲಿ ಸಾಕು ಎಂದರು. ದೀಪಾ ಧನರಾಜ್ ಮತ್ತು ಅವರ ಯುಗಾಂತರ ತಂಡ 1982ರಲ್ಲಿ ಈ ಹೋರಾಟದ ಮೇಲೆ ಚಿತ್ರವನ್ನೇ ಮಾಡಿತು. ಅವರಲ್ಲಿ ಮರಾಠಿ ಆಡುವವರೂ ಇದ್ದರು. ಆದರೇನು? ಛಲಕ್ಕೆ ಭಾಷೆಯ ಗಡಿ ಇಲ್ಲ. ಕಲಿಯುವುದಕ್ಕೆ ನಮಗೆ ನಾಚಿಕೆಯೂ ಬೇಡ.

ಒಂದು ಎಚ್ಚರಿಕೆ. ಗಟ್ಟಿಯಾಗಿ ನಿಲ್ಲುವುದು ಬೇರೆ, ಗಟ್ಟಿಯಾಗಿ ಕಿರುಚುವುದು ಬೇರೆ. ಕೌಂಟರಿನಲ್ಲಿ ಕೂತ ಬಡಪಾಯಿ ಗುಮಾಸ್ತನ ಮೇಲೆ ಕೂಗಾಡಿ ಬಂದರೆ ನಮಗೆ ಹೊಟ್ಟೆ ತಂಪು, ಕೆಲಸ ಮಾತ್ರ ಆಗುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ಕಲಿತದ್ದು ಇಷ್ಟು. ಕೇಳಿದ ಕೂಡಲೇ ಹೂಂ ಅನ್ನಬೇಡಿ, “ವಿಚಾರ ಮಾಡಿ ಹೇಳ್ತೀನ್ರಿ” ಎನ್ನಿ. ಕಾರಣ ಒಂದೇ ಸಲ ಹೇಳಿ. ಹತ್ತು ಸಲ ಹೇಳಿದರೆ ಅದು ಕಾರಣವಲ್ಲ, ಕ್ಷಮಾಪಣೆ. ಆಗದ್ದನ್ನು ಹೇಳುವಾಗ ಆಗುವುದನ್ನೂ ಹೇಳಿ: “ಇವತ್ತ ಆಗೂದಿಲ್ರಿ, ನಾಡದ ಮುಂಜಾನೆ ಕೊಡ್ತೀನಿ.” ಕಚೇರಿಯಲ್ಲಾದರೆ ಬಾಯಿಮಾತಿಗೆ ಬಿಡದೆ ಅರ್ಜಿ ಬರೆದುಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ.

ಈಗ ನನ್ನ ಪ್ರೆಸ್ಸಿನ ಬಾಗಿಲಲ್ಲಿ ಒಂದು ಬೋರ್ಡು ಇದೆ: “ರಾತ್ರಿ 9ರ ನಂತರ ಮಷೀನು ಬಂದ್.” ಆ ಬೋರ್ಡಿನಿಂದ ಎರಡು ದೊಡ್ಡ ಗಿರಾಕಿಗಳು ಹೋದರು. ಒಬ್ಬರು ತಿರುಗಿ ಬಂದರು, ಇನ್ನೊಬ್ಬರು ಬರಲಿಲ್ಲ. ಹೋಗಲಿ! ಆ ಹುಡುಗ ಇಂದಿಗೂ ನನ್ನ ಜೊತೆಗೇ ಇದ್ದಾನೆ, ಉಳಿದ ಬೆರಳುಗಳಲ್ಲೇ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಾನೆ. ಆ ಬೋರ್ಡಿನ ಅಕ್ಷರವೂ ಅವನದೇ.

ನೀವು ಬೆರಳು ಹೋಗುವ ತನಕ ಕಾಯಬೇಡಿ.