ಗೋಡೆಯ ಮೈ ಕೆಟ್ಟರೆ ಗೋಡೆಯೇ ಕೆಟ್ಟಿತೆ?

(ಮಲೆನಾಡಿನ ಹಳೆಯ ಮನೆಗಳ ದುರಸ್ತಿ ಕುರಿತು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಏಪ್ರಿಲ್-ಮೇ ಬಂತೆಂದರೆ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಪಡುವಣ ಗೋಡೆಯ ಗಾರೆ ಹಕ್ಕಳೆಯೆದ್ದು ಉದುರುತ್ತಿದೆ, ಬುಡದಲ್ಲಿ ಮಣ್ಣು ಕಾಣುತ್ತಿದೆ, ಮುಂಗಾರಿಗೆ ತಿಂಗಳೂ ಉಳಿದಿಲ್ಲ. ಮಗ ಸಿಮೆಂಟ್ ಗಿಲಾವು ಮಾಡಿಸೋಣ ಎನ್ನುತ್ತಾನೆ. ಅಳಿಯ ತಗಡು ಹೊಡೆಸಿಬಿಡಿ ಎನ್ನುತ್ತಾನೆ. ಗುತ್ತಿಗೆದಾರನದು ಎಲ್ಲ ಊರಿನಲ್ಲಿಯೂ ಒಂದೇ ಸಲಹೆ: ಕೆಡವಿ ಹೊಸದು ಕಟ್ಟಿ. ಮನೆ ಕಟ್ಟಿಸಿದ ಅಜ್ಜನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ನಿರ್ಧಾರವನ್ನು ಮೇ ತಿಂಗಳಿನಲ್ಲಿ ಕೈಗೊಳ್ಳಬಾರದು ಎಂಬುದು ನಾನು ಇಂದು ಹೇಳಬೇಕೆಂದಿರುವ ಮುಖ್ಯ ಸಂಗತಿ. ಒಣಗಿದ ಗೋಡೆ ತನ್ನ ರೋಗವನ್ನು ಹೇಳುವುದಿಲ್ಲ. ಆಷಾಢದ ಜಡಿಮಳೆಯಲ್ಲಿ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಅಂಗಳದಿಂದ ಎಷ್ಟು ಎತ್ತರಕ್ಕೆ ಸಿಡಿಯುತ್ತದೆ, ಯಾವ ಹೆಂಚಿನ ಸಂದಿನಿಂದ ಗೋಡೆಯ ತಲೆಗೆ ಇಳಿಯುತ್ತದೆ ಎಂಬುದು ಆಗ ಮಾತ್ರ ಕಾಣುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಸೀಮೆ ನಮ್ಮದು. ಇಲ್ಲಿ ಗೋಡೆಯ ಹೊರಮೈ ಕೆಟ್ಟಿತೆಂದರೆ ನೀರಿನ ದಾರಿ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ. ಆ ದಾರಿಯನ್ನು ಸರಿಪಡಿಸದೆ ಮೈಗೆ ಏನು ಮೆತ್ತಿದರೂ ಅದು ನಾಲ್ಕು ಮಳೆಗಾಲದ ಮಾತು.

ನಮ್ಮ ಹಳೆಯ ಮನೆಗಳ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು, ಇಲ್ಲವೇ ಮಣ್ಣಿನ ಗಾರೆಯಲ್ಲಿ ಕೂರಿಸಿದ ಚಿರೆಕಲ್ಲಿನದು. ಇಂಥ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ, ಮಳೆಯಿಂದಲೂ ಹೀರುತ್ತದೆ; ಹೀರಿದ್ದನ್ನು ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಹೊರಗಿನ ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿಯಾಗುವುದಿಲ್ಲ. ಗೋಡೆಗೆ ಬರುವ ಪೆಟ್ಟನ್ನು ತಾನು ತಿಂದು, ಗೋಡೆಯನ್ನು ಉಳಿಸಿ, ತಾನು ಉದುರುವುದೇ ಅದರ ಕೆಲಸ. ಸವೆದ ಚಪ್ಪಲಿಯನ್ನು ಕಂಡು ಕಾಲು ಕೆಟ್ಟಿತೆಂದು ಯಾರೂ ಹೇಳುವುದಿಲ್ಲವಷ್ಟೆ.

ಸಿಮೆಂಟಿನ ಸ್ವಭಾವ ಬೇರೆ. ಅದು ಗಟ್ಟಿ, ಬಿಗಿ. ಮಣ್ಣು ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಅದರೊಡನೆ ಹಿಗ್ಗಿ ಕುಗ್ಗಲಾರದು. ಹೀಗಾಗಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಸಾಲದಾಗುತ್ತದೆ. ಹೊರಗಿನಿಂದ ಗೋಡೆ ನೀಟಾಗಿ ಕಾಣುತ್ತಿರುವಾಗಲೇ ಹಿಂದಿನ ಮಣ್ಣು ಮೆತ್ತಗಾಗುತ್ತದೆ, ಒರಲೆಗೆ ತಂಪಾದ ಗೂಡು ಸಿಗುತ್ತದೆ. ಮೇಲಿಂದ ನೀರು ಹೊಗಿಸದ ಪ್ಲಾಸ್ಟಿಕ್ ಬಣ್ಣವನ್ನೂ ಬಳಿದರಂತೂ ಕೇಳುವುದೇ ಬೇಡ. ಸಿಮೆಂಟ್ ಕೆಟ್ಟ ವಸ್ತುವೆಂದು ನಾನು ಹೇಳುತ್ತಿಲ್ಲ. ಮಣ್ಣಿನ ಗೋಡೆಗೆ ಅದು ಸರಿಯಾದ ಸಂಗಾತಿಯಲ್ಲ. ಉಪಕಾರವೆಂದು ಮಾಡಿದ ಗಿಲಾವೇ ಗೋಡೆಯನ್ನು ಒಳಗಿನಿಂದ ತಿಂದುಹಾಕುತ್ತದೆ, ಕಡೆಗೆ ಮಣ್ಣಿನ ಮನೆಗೆ ಬಾಳಿಕೆಯಿಲ್ಲವೆಂಬ ಅಪವಾದ ಮಣ್ಣಿನ ತಲೆಗೇ ಬರುತ್ತದೆ.

ಹಾಗಾದರೆ ಯಾವ ಗೋಡೆಯನ್ನು ಉಳಿಸಬಹುದು, ಯಾವುದನ್ನು ಉಳಿಸಲಾಗದು? ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಇದಕ್ಕೆ ಬೇಕಾದ ಉಪಕರಣಗಳೆಲ್ಲ ಮನೆಯಲ್ಲಿಯೇ ಇವೆ. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ. ಸೀಮೆಸುಣ್ಣದಿಂದ ಗುರುತು ಮಾಡಿ. ಅನೇಕ ಮನೆಗಳಲ್ಲಿ ಈ ಗುರುತುಗಳು ಪಡುವಣ ದಿಕ್ಕಿನಲ್ಲಿ, ಬುಡದ ಎರಡು ಅಡಿಯೊಳಗೇ ಸೇರಿಕೊಳ್ಳುತ್ತವೆ. ಅಷ್ಟಕ್ಕೆ ನಾಲ್ಕೂ ಗೋಡೆಗಳ ಮೈ ಕೀಳಿಸುವ ಅಗತ್ಯವಿಲ್ಲ. ಅನಂತರ ಬುಡದ ಮಣ್ಣನ್ನು ಚೂರಿಯ ಮೊನೆಯಿಂದ ಒತ್ತಿ ನೋಡಿ. ಒಂದೆರಡು ಬೆರಳು ಆಳದಲ್ಲಿ ಗಟ್ಟಿ ಸಿಕ್ಕರೆ ಗೋಡೆಗೆ ಜೀವವಿದೆ. ಬಿರುಕಿದ್ದರೆ ಅದಕ್ಕೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದರೂ ಪಟ್ಟಿ ಹರಿಯದಿದ್ದರೆ ಅದು ಹಳೆಯ ಬಿರುಕು, ಮುಚ್ಚಬಹುದು. ಹರಿದರೆ ಗೋಡೆ ಇನ್ನೂ ಸರಿಯುತ್ತಿದೆ. ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಗೋಡೆ ಹೊರಕ್ಕೆ ವಾಲಿದೆಯೇ, ನಡುವೆ ಉಬ್ಬಿದೆಯೇ ತಿಳಿಯುತ್ತದೆ.

ವಾಲುತ್ತಿರುವ ಗೋಡೆ, ಉಬ್ಬಿದ ಗೋಡೆ, ಪಂಚಾಂಗವೇ ಕುಸಿದ ಗೋಡೆ, ಇವುಗಳಿಗೆ ಗಾರೆ ಮೆತ್ತುವುದು ಆತ್ಮವಂಚನೆ. ಅಷ್ಟು ಭಾಗವನ್ನು ಬಿಚ್ಚಿ ಕಟ್ಟಲೇಬೇಕು. ಅಲ್ಲಿ ಮಕ್ಕಳನ್ನು ಮಲಗಿಸಬಾರದು. ಹಳೆಯದೆಲ್ಲ ಪವಿತ್ರವೆಂಬ ಭಾವುಕತೆ ನಮ್ಮ ಚಳವಳಿಗೆ ಬೇಡ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಬಳಿಕ ಹರಡಿದ ಭಯವನ್ನೂ ಬಿಡಿಸಿ ನೋಡಬೇಕು. ಅಂದು ಕಾಂಕ್ರೀಟಿನ ಮನೆಗಳೂ ಜಾರಿಹೋದವು. ಗುಡ್ಡ ಕಡಿದ ಜಾಗ ಸರಿಯುತ್ತಿದ್ದರೆ ಅದರ ಮೇಲಿನ ಮನೆ ಮಣ್ಣಿನದೋ ಸಿಮೆಂಟಿನದೋ ಎಂಬುದು ಎರಡನೆಯ ಪ್ರಶ್ನೆ.

ಉಳಿಸಬಹುದಾದ ಗೋಡೆಗೆ ಕೆಲಸ ಹಿಡಿಯುವುದು ಮಳೆ ನಿಂತ ಮೇಲೆ, ಗೋಡೆ ಚೆನ್ನಾಗಿ ಆರಿದ ಮೇಲೆ. ಮೊದಲು ಸೂರನ್ನು ಮುಂದಕ್ಕೆ ಚಾಚಿ, ಒಡೆದ ಹೆಂಚು ಬದಲಿಸಿ, ಬುಡದಲ್ಲಿ ಏರಿದ ಅಂಗಳದ ಮಣ್ಣನ್ನು ತೆಗೆದು ನೀರಿಗೆ ಕಾಲುವೆ ಮಾಡಿ. ಟೊಳ್ಳಾದ ಗಾರೆಯನ್ನಷ್ಟೇ ಕೆರೆದು, ಗೋಡೆಯನ್ನು ಹದವಾಗಿ ನೆನೆಸಿ, ಹುಲ್ಲಿನ ಚೂರು ಬೆರೆಸಿ ಕೊಳೆಸಿದ ಮಣ್ಣಿನಿಂದ ಗುಂಡಿಗಳನ್ನು ತುಂಬಬೇಕು. ಅದು ಒಣಗಿದ ಮೇಲೆ ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ತೆಳುವಾಗಿ, ಪದರ ಪದರವಾಗಿ. ಸುಣ್ಣವನ್ನು ಹೊಂಡದಲ್ಲಿ ವಾರಗಟ್ಟಲೆ ನೀರಿನಡಿ ಇಟ್ಟಷ್ಟೂ ಗಾರೆ ನಯವಾಗುತ್ತದೆ. ಅಳಲೆಕಾಯಿ ಮತ್ತು ಬೆಲ್ಲದ ನೀರು ಸೇರಿಸುವ ಪದ್ಧತಿ ಹಿರಿಯ ಗಾರೆಯವರಿಗೆ ಗೊತ್ತಿದೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಮೇ ಕೊನೆಯಲ್ಲಿ ಬಳಿದ ಗಾರೆ ಜೂನಿನ ಮಳೆಗೆ ತೊಳೆದುಹೋದರೆ ಸುಣ್ಣವನ್ನು ದೂರಬಾರದು.

ಸುಣ್ಣವೂ ಪರಿಸರಕ್ಕೆ ಪೂರ್ತಿ ನಿರಪಾಯವಲ್ಲ. ಅದನ್ನು ಸುಡಲು ಸುಮಾರು 900 ಡಿಗ್ರಿ ಶಾಖ ಬೇಕು. ಸಿಮೆಂಟಿಗೆ 1450 ಡಿಗ್ರಿ. ಸುಡುವಾಗ ಬಿಟ್ಟ ಅನಿಲದ ಒಂದು ಪಾಲನ್ನು ಸುಣ್ಣ ಗಟ್ಟಿಯಾಗುತ್ತ ಮರಳಿ ಪಡೆಯುತ್ತದೆ. ಆದರೆ ಚಿಪ್ಪಿನ ಸುಣ್ಣವೇ ಬೇಕೆಂದು ಹಟ ಹಿಡಿದು ಅಳಿವೆಗಳ ತಳವನ್ನು ಬಗೆಸಿದರೆ ಅದೂ ಅನ್ಯಾಯವೇ. 2024ರಲ್ಲಿ ರಾಮ್ಸರ್ ತಾಣವಾದ ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಜನರಿದ್ದಾರೆ. ನಮ್ಮ ಗೋಡೆಯ ಸೊಗಸಿಗೆ ಅವರ ಹೊಳೆ ಬರಿದಾಗಬಾರದು. ಬುಡಕ್ಕೆ ಸುಣ್ಣ, ಮೇಲಿನ ಭಾಗಕ್ಕೆ ಕೆಮ್ಮಣ್ಣು ಎಂದರೆ ಸುಣ್ಣದ ಖರ್ಚು ಎಷ್ಟೋ ಉಳಿಯುತ್ತದೆ.

ಹಲಗೆ ಹೊಡೆದ ಅಟ್ಟದ ಗೋಡೆಗಳಿಗೂ ಇದೇ ನ್ಯಾಯ. ಕೊಳೆತ ಹಲಗೆಯೊಂದನ್ನು ಬದಲಿಸಿ, ಉಳಿದವನ್ನು ಉಜ್ಜಿ ಗೇರೆಣ್ಣೆ ಹಚ್ಚಬಹುದು; ಕೈಗೆ ತಗುಲಿದರೆ ಸುಡುತ್ತದೆ, ಎಚ್ಚರ. ಹಳೆಯ ಎಣ್ಣೆಬಣ್ಣವಿದ್ದರೆ ಒಣಗಿದ್ದಾಗ ಉಜ್ಜಬೇಡಿ. ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಮ್ ಮಿತಿಯನ್ನು ನಮ್ಮ ದೇಶದಲ್ಲಿ ಜಾರಿಗೆ ತಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣದ ಧೂಳು ಮಕ್ಕಳ ಮೆದುಳಿಗೆ ವಿಷವಾಗಬಲ್ಲದು. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಕಟ್ಟಿಡಿ. ಗೋಡೆಗೆ ಹೊದಿಸಿದ ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಗರಗಸದಿಂದ ಕೊಯ್ಯಲೇಬಾರದು, ಒಡೆಯಲೂಬಾರದು. ಅದರ ಎಳೆ ಉಸಿರಿನೊಳಗೆ ಹೋದರೆ ಕ್ಯಾನ್ಸರಿಗೆ ಕಾರಣ. ಅಲುಗದೆ ಭದ್ರವಾಗಿದ್ದರೆ ಹಾಗೆಯೇ ಇರಲಿ.

ಇಷ್ಟೆಲ್ಲ ಕೇಳಿದ ಮೇಲೆ ತಾಯಂದಿರು ಒಂದು ಮಾತು ಕೇಳಿಯೇ ಕೇಳುತ್ತಾರೆ: ಪ್ರತಿವರ್ಷ ಸೋಗೆಯ ಜಡಿತಟ್ಟಿ ಕಟ್ಟುವವರು ಯಾರು, ಸುಣ್ಣ ಬಳಿಯುವವರು ಯಾರು? ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಇರುವವರು ಮುದುಕರು. ಇದು ನ್ಯಾಯವಾದ ಪ್ರಶ್ನೆ. ಸಿಮೆಂಟ್ ಗೆದ್ದಿರುವುದು ಅದರ ಗುಣದಿಂದಲ್ಲ, ಒಮ್ಮೆ ಮಾಡಿದರೆ ಮರೆತುಬಿಡಬಹುದೆಂಬ ಆಸೆಯಿಂದ. ತಟ್ಟಿ ಕಟ್ಟಲು ಆಳಿಲ್ಲದ ಮನೆಯಲ್ಲಿ ಪಡುವಣ ಗೋಡೆಗೆ ತಗಡಿನ ಮರೆ ಕಟ್ಟಿದರೆ ನನ್ನ ಆಕ್ಷೇಪವಿಲ್ಲ. ಗೋಡೆಗೂ ತಗಡಿಗೂ ನಡುವೆ ಒಂದು ಗೇಣು ಗಾಳಿಯಾಡಲು ಬಿಡಿ, ದೀಪಾವಳಿಯ ಹೊತ್ತಿಗೆ ಬಿಚ್ಚಿ. ಗಾರೆ ಕೆಲಸದಲ್ಲಿ ವಸ್ತುವಿಗಿಂತ ಕೂಲಿಗೆ ಹೆಚ್ಚು ಹಣ ಹೋಗುತ್ತದೆ ನಿಜ. ಆದರೆ ಆ ಹಣ ಊರಿನಲ್ಲಿಯೇ ಉಳಿಯುತ್ತದೆ. ಕೆಲಸ ಬಲ್ಲ ಹಿರಿಯರ ಜೊತೆ ಇಬ್ಬರು ಹುಡುಗರು ಎರಡು ಋತು ಓಡಾಡಿದರೆ ಮುಂದಿನ ತಲೆಮಾರಿಗೂ ಗಾರೆಯವರು ಸಿಗುತ್ತಾರೆ.

ಇನ್ನೊಂದು ತೊಡಕು ಕಾಗದದ್ದು. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಮಣ್ಣಿನ ಗೋಡೆಯನ್ನು ‘ಕಚ್ಚಾ’ ಗೋಡೆಗಳ ಸಾಲಿಗೆ ಸೇರಿಸಲಾಯಿತು. ಮೂರು ತಲೆಮಾರು ಬಾಳಿದ ಮನೆ ಒಂದು ಶಬ್ದದಿಂದ ಬಡತನದ ಗುರುತಾಯಿತು. ಹುಡುಗನಿಗೆ ಹೆಣ್ಣು ನೋಡುವಾಗಲೂ ಈ ಶಬ್ದ ಅಡ್ಡಬರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಲಾರಿ ಬೇಕರ್ ಕೇರಳದಲ್ಲಿ ಮಣ್ಣು-ಸುಣ್ಣದ ಕಟ್ಟಡಗಳಿಗೆ ಮರ್ಯಾದೆ ತಂದುಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಅಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಅಭ್ಯಾಸ ಮಾಡಿ ಹಬ್ಬಿಸಿತು. ಬಿಚ್ಚಿ ಕಟ್ಟಲೇಬೇಕಾದ ಗೋಡೆಯ ಮಣ್ಣು ಹದವಾಗಿದ್ದರೆ ಅದೇ ಮಣ್ಣು ಇಂಥ ಇಟ್ಟಿಗೆಗೆ ಒದಗುತ್ತದೆ.

ಮಾತು ಸಾಕು. ಹಿತ್ತಿಲಲ್ಲಿ ಸುಣ್ಣ ನೆನೆಸುವ ಹೊಂಡ ಸಿದ್ಧವಾಗಿದೆ. ನೀರು ಬಿದ್ದೊಡನೆ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ; ಮಕ್ಕಳು ಹಗ್ಗದ ಆಚೆ ನಿಲ್ಲಬೇಕು. ಅದು ಆರುವಷ್ಟರಲ್ಲಿ ಎದುರಿನ ಜಗಲಿಯ ಗೋಡೆಯನ್ನು ತಟ್ಟಿ ನೋಡೋಣ, ಯಾರಾದರೊಬ್ಬರು ಸೀಮೆಸುಣ್ಣ ತನ್ನಿ.